ಹುಳ ಹಣ್ಣಾದ ಸುದ್ದಿಗೆ ಆಧಾರವೇನು?

“ಇವತ್ತಿಂದ ನಮ್ಮನೆಯೊಳಗೆ ಒಂದು ಸುದ್ದೀನೂ ಪರೀಕ್ಷೆ ಇಲ್ಲದೆ ಕಾಲಿಡೋ ಹಾಗಿಲ್ಲ!” ಎಂದು ಶಿಡ್ಲಘಟ್ಟದ ಗುಮಾಸ್ತ ಮುನಿವೆಂಕಟಪ್ಪ ಅಪ್ಪಣೆ ಹೊರಡಿಸಿದರು.

ಐವತ್ತೇಳರ ಚುನಾವಣೆಯ ಕಾಲ. ಊರ ಮೈದಾನದಲ್ಲಿ ನಡೆದ ಸಭೆಯನ್ನು ಒಂದು ಪತ್ರಿಕೆ ‘ಜನಸಾಗರ’ ಎಂದು ಬರೆದಿತ್ತು, ಇನ್ನೊಂದು ‘ಖಾಲಿ ಮೈದಾನ’ ಎಂದಿತ್ತು. ಒಂದೇ ಮೈದಾನ, ಒಂದೇ ಸಂಜೆ! ‘ಬಲ್ಲ ವಲಯಗಳಿಂದ ತಿಳಿದುಬಂದಿದೆ’ ಅಂತೆ! ಆ ವಲಯ ಯಾವ ಬೀದಿಯಲ್ಲಿದೆ? ಹೇಳಿದವನಿಗೆ ಇದರಲ್ಲಿ ಏನು ಗಿಟ್ಟುತ್ತದೆ? ಕೆಂಪು ಪೆನ್ಸಿಲು ಹಿಡಿದು ಕುಳಿತ ಮುನಿವೆಂಕಟಪ್ಪನವರಿಗೆ ಕಾಫಿ ಆರಿದ್ದೂ ತಿಳಿಯುತ್ತಿರಲಿಲ್ಲ.

ಅವರ ಹೆಂಡತಿ ವರಲಕ್ಷ್ಮಮ್ಮನಿಗೆ ಬೇರೆ ಚಿಂತೆ. ತಿಂಗಳಿಡೀ ಸೊಪ್ಪು ಹಾಕಿ, ನಿದ್ದೆಗೆಟ್ಟು ಸಾಕಿದ ರೇಷ್ಮೆ ಹುಳ ತಟ್ಟೆ ತುಂಬ ಬೆಳೆದಿತ್ತು. ಈ ಬೆಳೆ ಕೈಗೆ ಬಂದರೆ ಸೋರುವ ಮಾಡಿಗೆ ಹೊಸ ಹೆಂಚು. ಅಷ್ಟರಲ್ಲಿ ತಾಯಿಗೆ ಜ್ವರವೆಂದು ಕೈವಾರದ ತವರಿನಿಂದ ಹೇಳಿಕಳಿಸಿದರು.

“ರೀ, ಸಂಜೆ ಬಸ್ಸಿಗೆ ಬಂದ್ಬಿಡ್ತೀನಿ. ಹುಳ ಹಣ್ಣಾಗಿ ಗೂಡು ಕಟ್ಟೋಕೆ ತಯಾರಾದ್ರೆ ಪಕ್ಕದ ಮನೆ ಆಂಜಿನಮ್ಮ ಹೇಳ್ತಾಳೆ. ತಕ್ಷಣ ಗೂಡು ಕಟ್ಟಿಸೋ ಬಿದಿರು ತಟ್ಟಿ, ಅದೇ ಚಂದ್ರಂಕಿ ತರಿಸಿ, ಅದರ ಮೇಲೆ ಹುಳ ಬಿಡಿಸ್ಬಿಡಿ. ತಡ ಆದ್ರೆ ಸಿಕ್ಕಸಿಕ್ಕ ಕಡೆ ಗೂಡು ಕಟ್ಟಿ ಹಾಳಾಗ್ತವೆ.”

ವರಲಕ್ಷ್ಮಮ್ಮ ಬಸ್ಸು ಹತ್ತಿ ಸ್ವಲ್ಪ ಹೊತ್ತಾಗಿತ್ತಷ್ಟೆ, ಆಂಜಿನಮ್ಮ ಬಾಗಿಲಲ್ಲಿ ಹಾಜರು.

“ಅಣ್ಣಾ, ಹುಳ ಹಣ್ಣಾಗ್ತಾ ಐತೆ. ಚಂದ್ರಂಕಿ ನಮ್ಮನೇಲಿದೆ, ಕಳಿಸ್ಲಾ?”

“ನಿಮ್ಮ ಚಂದ್ರಂಕಿ ಬಾಡಿಗೆಗಾ?”

“ಹೂಂ, ಮತ್ತೆ?”

ಆಹಾ! ಸಿಕ್ಕಿಬಿದ್ದಳು! ಬಿದಿರಿನ ಚಂದ್ರಂಕಿ ಬಾಡಿಗೆಗೆ ಕೊಡುವವಳೇ ಹುಳ ಹಣ್ಣಾಯಿತು ಎಂದರೆ ಅದು ಸುದ್ದಿಯೋ ಜಾಹೀರಾತೋ? “ವಿಚಾರಿಸಿ ಹೇಳ್ತೀನಮ್ಮ” ಎಂದು ಅವರು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ಎರಡನೆಯ ಅಭಿಪ್ರಾಯಕ್ಕೆ ಹಿಂದಿನ ಬೀದಿಯ ವೆಂಕಟರವಣಪ್ಪ ಸಿಕ್ಕರು. ಆಂಜಿನಮ್ಮ ಹೇಳಿದ್ದನ್ನು ಕೇಳಿದ್ದೇ ತಡ, ಅವರು ಕೈಯಾಡಿಸಿಬಿಟ್ಟರು.

“ಹಣ್ಣಾಗಿಲ್ಲ ಬಿಡಿ! ಇನ್ನೆರಡು ದಿನ ಬೇಕು.”

“ನೀವು ಬಂದು ನೋಡಿದ್ರಾ?”

“ನೋಡೋದೇನು? ಆಂಜಿನಮ್ಮ ಹೇಳಿದ್ಮೇಲೆ ಸುಳ್ಳೇ ಇರಬೇಕು!”

ವೆಂಕಟರವಣಪ್ಪ ಆಂಜಿನಮ್ಮನ ಗಂಡನ ದಾಯಾದಿ. ಬೇಲಿ ಜಗಳ ಕೋರ್ಟಿನಲ್ಲಿತ್ತು. ಅಲ್ಲಿಗೆ ಜನಸಾಗರವೂ ಆಯಿತು, ಖಾಲಿ ಮೈದಾನವೂ ಆಯಿತು! ಇನ್ನು ಬೇಕಾದದ್ದು ಯಾರ ಪಕ್ಷಕ್ಕೂ ಸೇರದ ಮನುಷ್ಯ. ಇಡೀ ಶಿಡ್ಲಘಟ್ಟದಲ್ಲಿ ಅಂಥವನು ಎಲ್ಲಿಂದ ಬರಬೇಕು? ಊರಿಗೆ ಊರೇ ರೇಷ್ಮೆಯಲ್ಲಿ ಮುಳುಗಿತ್ತು. ಮುನಿವೆಂಕಟಪ್ಪ ಚಿಂತಾಮಣಿಯ ಬಸ್ಸು ಹತ್ತಿದರು.

ಚಿಂತಾಮಣಿಯಲ್ಲಿ ಹಳೆಯ ಸ್ನೇಹಿತ ಆವಲಪ್ಪ ಕಡ್ಲೇಕಾಯಿ ಒಣಹಾಕುತ್ತಿದ್ದ.

“ಆವಲಪ್ಪ, ಚಂದ್ರಂಕಿ ವ್ಯಾಪಾರ ಏನಾದ್ರೂ ಇದೆಯೇನಯ್ಯ?”

“ಇಲ್ಲ.”

“ಆಂಜಿನಮ್ಮ ಗೊತ್ತಾ? ವೆಂಕಟರವಣಪ್ಪ?”

“ಯಾರವ್ರು?”

ಮುನಿವೆಂಕಟಪ್ಪನವರ ಕಣ್ಣು ಅರಳಿತು. ಸಿಕ್ಕಿದನಲ್ಲ, ಅಪ್ಪಟ ನಿಷ್ಪಕ್ಷಪಾತಿ! “ಹಾಗಾದ್ರೆ ಹೇಳು, ನಮ್ಮನೆ ಹುಳ ಹಣ್ಣಾಗಿದೆಯಾ?”

“ನಾಕೇಂ ತೆಲುಸಪ್ಪಾ, ನಂಗೇನು ಗೊತ್ತು! ಕಡ್ಲೇಕಾಯಿ ಬೆಳೆಯೋನ್ನ ರೇಷ್ಮೆ ಹುಳದ ವಿಷಯ ಕೇಳಕ್ಕೆ ಬಸ್ಸು ಚಾರ್ಜು ಕೊಟ್ಕೊಂಡು ಬಂದ್ಯಾ?”

ಸಂಜೆ ಮನೆಗೆ ಬಂದಾಗ ಬೀಗ ತೆಗೆದಿತ್ತು. ವರಲಕ್ಷ್ಮಮ್ಮ ಲಾಟೀನು ಹಿಡಿದು ನಿಂತಿದ್ದರು. ಹುಳಗಳು ತಟ್ಟೆಯಿಂದಿಳಿದು ಗೋಡೆಯ ಬಿರುಕಿನಲ್ಲಿ, ಕೊಡೆಯ ಮಡಿಕೆಯಲ್ಲಿ, ಕುರ್ಚಿಯಡಿಯಲ್ಲಿ, ಗೂಟಕ್ಕೆ ಹಾಕಿದ್ದ ಕೋಟಿನ ಜೇಬಿನಲ್ಲಿ ಹಳದಿ ನೂಲು ಎಳೆಯುತ್ತಿದ್ದವು. ಮಿಕ್ಕವನ್ನು ಆಂಜಿನಮ್ಮ ಒಂದೊಂದಾಗಿ ಆಯ್ದು ತನ್ನ ಚಂದ್ರಂಕಿಗೆ ಬಿಡುತ್ತಿದ್ದಳು. ಅರ್ಧ ಬೆಳೆ ಹೋಗಿತ್ತು. ಮುನಿವೆಂಕಟಪ್ಪ ಚಪ್ಪಲಿ ಕಳಚಿ ಹೆಂಡತಿಯ ಹತ್ತಿರ ಬಂದರು.

“ಅಲ್ಲ ಕಣೇ,” ಎಂದು ಮೆಲ್ಲಗೆ ಬಾಯಿಬಿಟ್ಟರು, “ಆಂಜಿನಮ್ಮನಿಗೆ ಇದ್ರಲ್ಲಿ ಬಾಡಿಗೆ ಲಾಭ ಇತ್ತಲ್ಲ...”

“ಇತ್ತು ರೀ! ಅದಕ್ಕೇ ಬೆಳಿಗ್ಗೆ ನಾನು ಹೊರಡೋ ಹೊತ್ತಿಂದ ಕಿಟಕೀಲಿ ಬಗ್ಗಿ ಬಗ್ಗಿ ಹುಳ ನೋಡ್ತಿದ್ಲು. ನಿಮಗೆ ಯಾವ ಲಾಭಾನೂ ಇರಲಿಲ್ಲವಲ್ಲ, ಪಕ್ಕದ ಕೋಣೆಗೆ ಹೋಗಿ ನೀವು ಒಂದ್ಸಲನಾದ್ರೂ ತಟ್ಟೆ ನೋಡಿದ್ರಾ?”

ಮುನಿವೆಂಕಟಪ್ಪ ಅವರ ಕೈಯಿಂದ ಲಾಟೀನು ಈಸಿಕೊಂಡು, ಮೊದಲ ಸಲ ತಾವೇ ತಟ್ಟೆ ನೋಡಲು ಹೋದರು.