ವರಾಂಡದಲ್ಲಿ ಬಿ.ಎ.

ನಮ್ಮ ಅತ್ಯಾ ಬಿ.ಎ. ಮೊದಲನೆಯ ವರ್ಷವನ್ನು ಒಂದೇ ಒಂದು ತರಗತಿಯನ್ನೂ ತಾನಾಗಿ ತಪ್ಪಿಸದೆ ಓದಿದವಳು. ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಮೂರರಲ್ಲೂ ಪಾಠ ಹೇಳುವವರ ಬೆವರಿಳಿಸಿದವಳು. ಸಣ್ಣದೊಂದು ಕೊರತೆ ಎಂದರೆ ಆಕೆಯ ಹೆಸರು ಆ ಕಾಲೇಜಿನ ಯಾವ ಕಾಗದದಲ್ಲೂ ಇರಲಿಲ್ಲ! ಹೆಸರು ಇದ್ದದ್ದು ನನ್ನದು. ಹಾಲ್ ಟಿಕೆಟ್ಟಿನ ಮೇಲೆ ಬೆದರಿದ ಮುಖ ಹೊತ್ತು ಕೂತಿದ್ದವಳು ನಾನು. ಆದರೂ ಸೇಡಂ ಕಡೆಯ ಹಳೆಯ ಸಹಪಾಠಿಗಳು ಯಾರಾದರೂ ಎದುರಾದರೆ ಮೊದಲು ಕೇಳುವುದು ಅತ್ಯಾನ ಕ್ಷೇಮ. ನಾನು ಬದುಕಿದ್ದೇನೆಯೇ ಎಂಬುದು ಕಣ್ಣೆದುರೇ ಕಾಣುತ್ತದಲ್ಲ, ಅದಕ್ಕೆ ಕೇಳುವುದಿಲ್ಲವೋ ಏನೋ. ಸಿಟ್ಟು ಬರುತ್ತದೋ ಇಲ್ಲವೋ ನೀವೇ ಹೇಳಿ.

ಅತ್ಯಾ ಎಂದರೆ ನಮ್ಮ ಕಡೆ ತಂದೆಯ ಅಕ್ಕತಂಗಿಯರು. ಈಕೆ ನನ್ನ ಅಪ್ಪನ ಅಕ್ಕ. ಚಿಂಚೋಳಿಗೆ ಕೊಟ್ಟಿದ್ದರು, ಗಂಡ ಬೇಗ ಹೋಗಿಬಿಟ್ಟರು, ಅಂದಿನಿಂದ ನಮ್ಮ ಮನೆಯಲ್ಲಿ. ಮಡಿ, ಏಕಾದಶಿ, ತುಳಸಿ, ಇವುಗಳಲ್ಲಿ ಬಲು ಕಟ್ಟುನಿಟ್ಟು. ವೈಷ್ಣವ ಮನೆಯ ವಿಧವೆ ಎಂದರೆ ಮೂಲೆಯಲ್ಲಿ ಮೌನವಾಗಿ ಕೂರುವ ಹೆಂಗಸನ್ನು ನೀವು ಊಹಿಸಿಕೊಂಡಿದ್ದರೆ ದಯವಿಟ್ಟು ಅಳಿಸಿಹಾಕಿ. ಮೂಲೆಯಲ್ಲಿ ಕೂರುತ್ತಿದ್ದಳು, ಅದು ನಿಜ. ಮೌನದ ವಿಷಯ ಮುಂದೆ ಹೇಳುತ್ತೇನೆ.

ತೊಂಬತ್ತನಾಲ್ಕನೆಯ ಇಸವಿ. ನಾವಿದ್ದದ್ದು ವಾಡಿಯಲ್ಲಿ, ಅಪ್ಪ ಅಲ್ಲಿನ ಶಾಲೆಯಲ್ಲಿ ಮಾಸ್ತರರು. ನಾನು ಪಿ.ಯು.ಸಿ. ಮುಗಿಸಿ ಬಿ.ಎ. ಸೇರುತ್ತೇನೆ ಎಂದಾಗ ಓಣಿಯವರೆಲ್ಲ ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂಬ ಮುಖ ಮಾಡಿಕೊಂಡು ಬಂದರು. ಆರ್ಟ್ಸಾ? ಯಾಕೆ, ಮಾರ್ಕ್ಸ್ ಬರಲಿಲ್ಲವೇ? ಡಾಕ್ಟರಾಗುವವರಿಗೆ ಸೈನ್ಸ್, ಬ್ಯಾಂಕಿಗೆ ಹೋಗುವವರಿಗೆ ಕಾಮರ್ಸ್, ಗಂಡು ಸಿಗುವವರೆಗೆ ಹೊತ್ತು ಕಳೆಯುವವರಿಗೆ ಆರ್ಟ್ಸ್ ಎಂದು ಯಾರು ಬರೆದಿಟ್ಟರೋ ಆ ದೇವರಿಗೇ ಗೊತ್ತು. ನನಗೆ ಇತಿಹಾಸ ಓದಬೇಕಿತ್ತು, ಇಷ್ಟಪಟ್ಟು ಓದಬೇಕಿತ್ತು. ಅದನ್ನು ಹೇಳಿದರೆ ನಂಬುವವರು ಒಬ್ಬರೂ ಇಲ್ಲ!

ಅಪ್ಪ ಒಪ್ಪಿದರು, ಆದರೆ ಎರಡು ಷರತ್ತು. ಒಂದು, ಹುಡುಗಿ ಒಬ್ಬಳೇ ರೈಲಿನಲ್ಲಿ ಓಡಾಡಬಾರದು. ಅತ್ಯಾ ಜೊತೆಗೆ ಹೋಗಬೇಕು. ಎರಡು, ಒಂದು ವರ್ಷ ಕೆಟ್ಟರೂ ಸಾಕು, ಓದು ಅಲ್ಲಿಗೆ ಬಂದ್. ಕಲಬುರ್ಗಿಯ ಕಡೆಯವರೊಬ್ಬರು ಆಗಲೇ ಜಾತಕ ಒಯ್ದಿದ್ದರು. ನಾನು ಎಲ್ಲಿ ಎಡವುತ್ತೇನೋ ಎಂದು ಆ ಜಾತಕ ಕಾಯುತ್ತ ಕೂತಿತ್ತು.

ಶಹಾಬಾದ ನಮಗೆ ಹತ್ತಿರ. ಅಲ್ಲಿಗೇ ಹೋಗಬಹುದಿತ್ತು. ಆದರೆ ಆ ಕಡೆಯ ರೈಲಿನ ಹೊತ್ತು ಅತ್ಯಾನ ಮಡಿ ಅಡುಗೆಗೆ ಹೊಂದಲಿಲ್ಲ. ಸೇಡಂ ಪ್ಯಾಸೆಂಜರು ಹೊಂದಿತು. ಹೀಗಾಗಿ ನನ್ನ ಕಾಲೇಜನ್ನು ಆರಿಸಿದ್ದು ನಾನಲ್ಲ, ಅಪ್ಪನಲ್ಲ, ನಮ್ಮನೆಯ ಸಾರು!

ಮೊದಲ ದಿನ ಅತ್ಯಾ ಗೇಟಿನ ಹತ್ತಿರ ಕೂರುತ್ತಾಳೆ ಎಂದುಕೊಂಡಿದ್ದೆ. ಆಕೆ ಸೀದಾ ನಮ್ಮ ತರಗತಿಯ ಕಿಟಕಿಯ ಕೆಳಗೆ ವರಾಂಡದಲ್ಲಿ ಚಾಪೆ ಹಾಸಿದಳು. ಪಕ್ಕಕ್ಕೆ ಮುಚ್ಚಳದ ತಂಬಿಗೆಯಲ್ಲಿ ನೀರು, ಮಡಿಲಲ್ಲಿ ಹತ್ತಿ. ಪಾಠ ಮುಗಿಯುವಷ್ಟರಲ್ಲಿ ದೇವರ ದೀಪಕ್ಕೆ ಬತ್ತಿ ಹೊಸೆದು ಮುಗಿಸುವುದು ಆಕೆಯ ಲೆಕ್ಕ. ಮೊದಲ ವಾರ ಬತ್ತಿ ಬಹಳ ಆದವು. ಆಮೇಲೆ ಕಡಿಮೆಯಾದವು. ಕೈ ನಿಂತು ಕಿವಿ ಕೆಲಸ ಶುರು ಮಾಡಿತ್ತು.

ಮೊದಲ ಸ್ಫೋಟ ಅರ್ಥಶಾಸ್ತ್ರದಲ್ಲಿ. ಹಸಿದವನಿಗೆ ಮೊದಲ ರೊಟ್ಟಿಯಿಂದ ಸಿಗುವ ತೃಪ್ತಿ ಎರಡನೆಯದರಲ್ಲಿ ಕಡಿಮೆ, ಮೂರನೆಯದರಲ್ಲಿ ಇನ್ನೂ ಕಡಿಮೆ, ನಾಲ್ಕನೆಯದರಲ್ಲಿ ಬರೀ ಸೊನ್ನೆ ಎಂದು ಸರ್ ಬೋರ್ಡಿನ ಮೇಲೆ ಇಳಿಜಾರಿನ ಗೆರೆ ಎಳೆದರು. ಕಿಟಕಿಯ ಕೆಳಗಿನಿಂದ ಒಂದು ತಲೆ ಎದ್ದಿತು. ನಾಲ್ಕನೇ ರೊಟ್ಟಿಗೆ ಪಲ್ಯ ಬದಲಿಸಿದರೆ ಗೆರೆ ಮತ್ತೆ ಮೇಲಕ್ಕೆ ಹೋಗುತ್ತದಲ್ಲ ಎಂದು ಆ ತಲೆ ಕೇಳಿತು. ಸರ್ ಕಿಟಕಿಯ ಕಡೆ ತಿರುಗಿ, ಬೇರೆಲ್ಲ ಅಂಶಗಳು ಸ್ಥಿರವಾಗಿದ್ದಾಗ ಮಾತ್ರ ಈ ನಿಯಮ ಎಂದು ಗಂಭೀರವಾಗಿ ವಿವರಿಸಿದರು.

"ಅಡಗಿ ಮನ್ಯಾಗ ಯಾವುದೂ ಸ್ಥಿರ ಇರೂದಿಲ್ರೀ ಮಾಸ್ತರ್ರ," ಎಂದಳು ಅತ್ಯಾ.

ತರಗತಿ ಬಿದ್ದು ಬಿದ್ದು ನಕ್ಕಿತು. ಸರ್‌ಗೆ ಸಿಟ್ಟು ಬಂದದ್ದು ಪ್ರಶ್ನೆಗಲ್ಲ, ತಮ್ಮನ್ನು ಮಾಸ್ತರ್ ಎಂದದ್ದಕ್ಕೆ. ನಾನು ಡೆಸ್ಕಿನೊಳಗೆ ತಲೆ ಹುದುಗಿಸಿದೆ. ಹುದುಗಿಸಿದ ತಲೆ ಆ ವರ್ಷ ಪೂರ್ತಿ ಮೇಲೆತ್ತಲಿಲ್ಲ ಎಂದರೂ ನಡೆದೀತು.

ಇತಿಹಾಸದಲ್ಲಾದರೂ ಸುಮ್ಮನಿರಬಾರದೇ? ನಮ್ಮ ರೈಲು ದಿನವೂ ಮಳಖೇಡ ರೋಡ್ ಸ್ಟೇಷನ್ನಿನಲ್ಲಿ ನಿಲ್ಲುತ್ತಿತ್ತು. ಆ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಎಂದು ತಿಳಿದ ದಿನದಿಂದ ಅತ್ಯಾ ಅಲ್ಲಿ ರೈಲು ನಿಂತಾಗಲೆಲ್ಲ ಸೆರಗು ಸರಿಮಾಡಿಕೊಂಡು ಕೂರುವಳು. ಆದರೆ ಪುಸ್ತಕದಲ್ಲಿ "ದೊರೆಯು ರಾಜಧಾನಿಯನ್ನು ಮಳಖೇಡಕ್ಕೆ ಬದಲಾಯಿಸಿದನು" ಎಂಬ ಒಂದೇ ವಾಕ್ಯ ಇದ್ದದ್ದು ಆಕೆಗೆ ಸಹಿಸಲಾಗಲಿಲ್ಲ. ನಾವು ಸುಲೇಪೇಟದಿಂದ ವಾಡಿಗೆ ಮನೆ ಬದಲಿಸಿದಾಗ ಉಪ್ಪಿನಕಾಯಿ ಭರಣಿಗಳೇ ಮೂರು ಸಲ ಬಸ್ಸಿನಲ್ಲಿ ಬಂದಿದ್ದವು. ಇಡೀ ರಾಜಧಾನಿ ಬಂತು ಎಂದರೆ ಎಷ್ಟು ಗಾಡಿ, ಎಷ್ಟು ಜನ, ಯಾರ ಭರಣಿ ಒಡೆಯಿತು, ಬಾಣಂತಿಯರನ್ನು ಹೇಗೆ ಕರೆತಂದರು, ಇದನ್ನೆಲ್ಲ ಬಿಟ್ಟು ಒಂದು ಸಾಲಿನಲ್ಲಿ ಮುಗಿಸುವುದೇ? ಬರೆದವನು ಒಂದು ದಿನವೂ ಮನೆ ಖಾಲಿ ಮಾಡಿದವನಲ್ಲ ಎಂದು ಕಿಟಕಿಯಿಂದಲೇ ತೀರ್ಪು ಕೊಟ್ಟಳು. ಇತಿಹಾಸದ ಸರ್ ಪಾಪದವರು. ಅದು ದಾಖಲೆಗಳಲ್ಲಿ ಸಿಕ್ಕಿಲ್ಲಮ್ಮ ಎಂದು ಆ ಭರಣಿ ತಾವೇ ಒಡೆದವರ ಹಾಗೆ ಹೇಳಿದರು.

ಆದರೆ ಸಮಾಜಶಾಸ್ತ್ರದಲ್ಲಿ ನಡೆದದ್ದು ಬೇರೆ. ಅಂದು ಪಾಠ ಮಡಿ-ಮೈಲಿಗೆಯದು. ಯಾರ ಕೈಯ ನೀರು ಯಾರು ಕುಡಿಯುವುದಿಲ್ಲ, ಯಾಕೆ ಕುಡಿಯುವುದಿಲ್ಲ ಎಂದು ಮೇಡಂ ಹೇಳುತ್ತಿದ್ದಂತೆ ಇಡೀ ತರಗತಿಯ ಕತ್ತು ನಿಧಾನಕ್ಕೆ ಕಿಟಕಿಯ ಕಡೆ ತಿರುಗಿತು. ಅಲ್ಲಿ ಆ ತಂಬಿಗೆ. ಅತ್ಯಾ ಅಂದು ಒಂದು ಮಾತೂ ಆಡಲಿಲ್ಲ. ರೈಲಿನಲ್ಲಿ ಚಿತ್ತಾಪುರದವರೆಗೆ ಕಿಟಕಿಯಾಚೆ ನೋಡುತ್ತ ಕೂತು ಕೊನೆಗೆ, "ನನ್ನ ಬಗ್ಗೆ ಅಷ್ಟುದ್ದ ಬರದಾರ, ಯಾರೂ ನನ್ನ ಕೇಳ್ಲಿಕ್ಕೇ ಬಂದಿಲ್ಲ," ಎಂದಳು. ಏನು ಕೇಳಬೇಕಿತ್ತು ಎಂದೆ. ಆಕೆ ಹತ್ತಿ ತೆಗೆದು ಬತ್ತಿ ಹೊಸೆಯತೊಡಗಿದಳು. ಬೇಸಿಗೆ ಶುರುವಾದಾಗ ಒಂದು ದಿನ ತಂಬಿಗೆ ಖಾಲಿಯಾಯಿತು. ನನ್ನ ಪಕ್ಕ ಕೂರುತ್ತಿದ್ದ, ಸೇಡಂ ಬಳಿಯ ಮುಧೋಳದ ಹುಡುಗಿಯ ನೀರಿನ ಬಾಟಲಿಯನ್ನು ಅತ್ಯಾ ತಾನಾಗಿ ಕೈಚಾಚಿ ಇಸಿದುಕೊಂಡು ಎತ್ತಿ ಕುಡಿದಳು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಪ್ರಯಾಣದಲ್ಲಿ ದೋಷವಿಲ್ಲ ಎಂದಳು. ಇದು ಕಾಲೇಜು ಎಂದೆ. ಟಿಕೆಟ್ ತೆಗೆದುಕೊಂಡೇ ಬಂದಿದ್ದೇವಲ್ಲ, ಮನೆ ಮುಟ್ಟುವವರೆಗೆ ಪ್ರಯಾಣವೇ ಎಂದಳು. ಅಂದಿನಿಂದ ತಂಬಿಗೆ ಮನೆಯಲ್ಲೇ ಉಳಿಯಿತು.

ಹುಡುಗರು ಆಕೆಗೆ ಎಚ್.ಓ.ಡಿ. ಎಂದು ಹೆಸರಿಟ್ಟರು. ನೋಟ್ಸ್ ತಪ್ಪಿದವರು ಚಾಪೆಯ ಸುತ್ತ ಕೂರತೊಡಗಿದರು. ನನ್ನ ಹತ್ತಿರ ಯಾರೂ ಬರುತ್ತಿರಲಿಲ್ಲ, ನನ್ನ ನೋಟ್ಸ್ ಕೇಳಿದವರಿಲ್ಲ. ಹದಿನೆಂಟು ವರ್ಷದ ಹುಡುಗಿ ಕಾಲೇಜಿಗೆ ಹೋಗಿ ಅತ್ಯಾನ ಸೋದರಸೊಸಿ ಅನ್ನಿಸಿಕೊಂಡು ಬರುವುದೆಂದರೆ ಎಂಥ ಅವಮಾನ! ಆಕೆಯನ್ನು ಬಿಡಿಸಿ ಎಂದು ಅಪ್ಪನ ಮುಂದೆ ಅತ್ತುಕರೆದೆ, ಊಟ ಬಿಟ್ಟೆ. ಅಕ್ಕ ಬಿಟ್ಟ ದಿನ ನೀನೂ ಬಿಡು ಎಂದು ಅಪ್ಪ ಪೇಪರ್ ಮಡಚಿಟ್ಟರು.

ಪರೀಕ್ಷೆಗೆ ಎರಡು ತಿಂಗಳಿರುವಾಗ ನನಗೆ ಟೈಫಾಯಿಡ್ ಹಿಡಿಯಿತು. ಏಳುವ ಹಾಗಿಲ್ಲ. ಮೊದಲೇ ನನ್ನ ಹಾಜರಿ ಅಷ್ಟಕ್ಕಷ್ಟೇ. ಮನೆಯಲ್ಲಿ ಹಬ್ಬ, ಶ್ರಾದ್ಧ, ಆರಾಧನೆ ಎಂದು ಅಪ್ಪನೇ ಉಳಿಸಿಕೊಂಡಿದ್ದರು. ಆ ದಿನಗಳಲ್ಲೂ ಅತ್ಯಾ ಮಾತ್ರ ಮನೆಯಲ್ಲಿ ಊಟಕ್ಕೆ ಎಲೆ ಹಾಕುತ್ತ ಇವತ್ತು ಯಾವ ಪಾಠವೋ ಎಂದು ಚಡಪಡಿಸುತ್ತಿದ್ದಳು. ಇನ್ನು ಜ್ವರ ಬಂದ ಮೂರನೆಯ ದಿನ ಕಣ್ಣು ತೆರೆದು ನೋಡಿದರೆ ಆಕೆ ಸೀರೆಯುಟ್ಟು ಸ್ಟೇಷನ್ನಿಗೆ ಹೊರಟು ನಿಂತಿದ್ದಾಳೆ! ಎಲ್ಲಿಗೆ ಎಂದರೆ ಕಾಲೇಜಿಗೆ ಎಂದಳು.

ನಮ್ಮ ಕಡೆ ಒಂದು ಪದ್ಧತಿ ಇದೆ. ಆರಾಧನೆಗೋ ಮದುವೆಗೋ ಕರೆಯಲು ಬಂದವರು ಮನೆಗೊಬ್ಬರು ಬನ್ನಿ ಎನ್ನುತ್ತಾರೆ. ಒಬ್ಬರು ಹೋದರೆ ಮನೆಯವರೆಲ್ಲ ಹೋದ ಹಾಗೆ. ಯಾರೂ ಆಕ್ಷೇಪಿಸುವುದಿಲ್ಲ. ಅತ್ಯಾ ಹಾಜರಿ ಎಂದರೆ ಅದೇ ಎಂದು ತಿಳಿದಿದ್ದಳು. ನನ್ನ ನಂಬರ್ ಕೂಗಿದಾಗ ಕಿಟಕಿಯಿಂದ "ಬಂದೀವ್ರಿ" ಎಂದು ಹೇಳಿ ಕೂತಳು. ಸರ್ ನಕ್ಕು ಮುಂದಿನ ನಂಬರ್ ಕೂಗಿದರು. ಆ ನಗುವನ್ನೇ ಆಕೆ ರೈಟ್ ಮಾರ್ಕ್ ಎಂದು ಭಾವಿಸಿದಳು. ಹೀಗೆ ಹದಿನೈದು ದಿನ ಒಬ್ಬಳೇ ಹೋಗಿ ಬಂದಳು. ಸಂಜೆ ನನ್ನ ಹಾಸಿಗೆಯ ಪಕ್ಕ ಕೂತು ಅಂದಿನ ಪಾಠವನ್ನು ಸರ್ ಕೆಮ್ಮಿದ್ದೂ ಬಿಡದೆ ಒಪ್ಪಿಸುತ್ತಿದ್ದಳು. ಜ್ವರದಲ್ಲಿ ಗಂಜಿ ಕುಡಿದದ್ದಕ್ಕಿಂತ ಗುಪ್ತರ ಆಡಳಿತ ಕುಡಿದದ್ದೇ ಹೆಚ್ಚು. ಮಲಗಲು ಬಿಡು ಎಂದು ನಾನು ಗೋಡೆಯ ಕಡೆ ತಿರುಗಿದರೆ ಗೋಡೆಗೂ ಬಿಡದೆ ಪಾಠ ಹೇಳಿದಳು.

ಚೇತರಿಸಿಕೊಂಡು ಹೋದ ದಿನ ನೋಟಿಸ್ ಬೋರ್ಡಿನಲ್ಲಿ ಹಾಜರಿ ಕಡಿಮೆಯಾದವರ ಪಟ್ಟಿ ಅಂಟಿಸಿದ್ದರು. ನನ್ನ ಹೆಸರಿತ್ತು. ಪರೀಕ್ಷೆಗೆ ಕೂರುವಂತಿಲ್ಲ. ಡಾಕ್ಟರ ಚೀಟಿ ಕೊಟ್ಟೆ. ಮದುವೆ ಸೀಸನ್ನಿನಲ್ಲಿ ಅರ್ಧ ಕಾಲೇಜೇ ಅಂಥ ಚೀಟಿ ತಂದಿತ್ತು ಎಂದು ಪ್ರಿನ್ಸಿಪಾಲರು ಒಂದನ್ನೂ ಒಪ್ಪಲಿಲ್ಲ. ನನ್ನ ಕಣ್ಣ ಮುಂದೆ ಆ ಕಲಬುರ್ಗಿಯ ಜಾತಕ ಎದ್ದು ನಿಂತಿತು. ಬೋರ್ಡಿನ ಮುಂದೆಯೇ ಕೂತು ಅತ್ತುಬಿಟ್ಟೆ.

ಅತ್ಯಾ ಪಟ್ಟಿಯನ್ನು ಬೆರಳಿಟ್ಟು ಓದಿದಳು. ಮುಖ ಕೆಂಪಾಯಿತು. ಚಪ್ಪಲಿ ಹೊರಗೆ ಬಿಟ್ಟು ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದಳು, ಹಿಂದೆ ನಾನು. ಪ್ರಿನ್ಸಿಪಾಲರು ಎದ್ದು ನಿಂತರು, ಕೂತರು, ಮತ್ತೆ ನಿಂತರು.

"ಹದಿನೈದು ದಿನ ನಮ್ಮ ಮನಿಯಿಂದ ನಾ ಬಂದೀನ್ರಿ. ಬಂದಿಲ್ಲಂತ ಹ್ಯಾಂಗ ಬರದ್ರಿ?"

ನೀವು ವಿದ್ಯಾರ್ಥಿನಿ ಅಲ್ಲವಲ್ಲ ತಾಯಿ ಎಂದು ಅವರು ಮೆತ್ತಗೆ ಹೇಳಿದರು. ಹಾಜರಿ ಕೇಳುವುದು ಪಾಠ ಮನೆ ಮುಟ್ಟಿತೋ ಇಲ್ಲವೋ ತಿಳಿಯಲಿಕ್ಕೆ ತಾನೇ ಎಂದಳು ಅತ್ಯಾ. ಮುಟ್ಟಿದೆ, ಬೇಕಾದರೆ ಪರೀಕ್ಷೆ ಮಾಡಿ ಎಂದು ಅಲ್ಲಿದ್ದ ಕುರ್ಚಿಯಲ್ಲಿ ಕೂತೇಬಿಟ್ಟಳು. ಪ್ರಿನ್ಸಿಪಾಲರು ತಮಾಷೆಗೆಂದೇ ಇತಿಹಾಸದ ಸರ್‌ರನ್ನು, ಸಮಾಜಶಾಸ್ತ್ರದ ಮೇಡಂರನ್ನು ಕರೆಸಿದರು. ಮೇಡಂ ಒಂದು ಕೇಳಿದರು, ಅತ್ಯಾ ಹೇಳಿದಳು. ಸರ್ ಎರಡು ಕೇಳಿದರು, ಅದನ್ನೂ ಹೇಳಿದಳು. ಮಂಗಳವಾರ ಅವರು ಹೇಳಿದ್ದು ಗುರುವಾರ ಹೇಳಿದ್ದಕ್ಕೆ ತಾಳೆಯಾಗಲಿಲ್ಲ ಎಂಬುದನ್ನೂ ಸೇರಿಸಿದಳು. ಆಮೇಲೆ ಪ್ರಿನ್ಸಿಪಾಲರು ನನ್ನ ಕಡೆ ತಿರುಗಿ ಅದೇ ಪಾಠದ ಪ್ರಶ್ನೆ ಕೇಳಿದರು. ನಾನು ಹಾಸಿಗೆಯಲ್ಲಿ ಗೋಡೆಗೆ ಮುಖ ಮಾಡಿ ಕೇಳಿಸಿಕೊಂಡದ್ದೆಲ್ಲ ಅಳುವಿನ ನಡುವೆಯೇ ಬಾಯಿಗೆ ಬಂತು. ಕೋಣೆಯಲ್ಲಿ ಯಾರೂ ನಗಲಿಲ್ಲ. ಪ್ರಿನ್ಸಿಪಾಲರು ಬದಿಗಿಟ್ಟ ಕಟ್ಟಿನಿಂದ ನನ್ನ ಡಾಕ್ಟರ ಚೀಟಿ ಹುಡುಕಿ ತೆಗೆದು ಸಹಿ ಹಾಕಿದರು.

ನಾನು ಪಾಸಾದೆ. ಸೆಕೆಂಡ್ ಕ್ಲಾಸ್. ಫಸ್ಟ್ ಕ್ಲಾಸಿಗೆ ಬೇಕಿದ್ದ ಹತ್ತು ಮಾರ್ಕ್ಸ್ ಎಲ್ಲಿ ಹೋಯಿತು ಎಂದು ಅತ್ಯಾ ಒಂದು ತಿಂಗಳು ಪ್ರಾಣ ತಿಂದಳು.

ಜೂನ್ ಬಂತು. ಒಂದು ಬೆಳಿಗ್ಗೆ ಅಪ್ಪ ಚಹಾ ಕುಡಿಯುತ್ತ, ಈ ವರ್ಷ ವಾಡಿಯಿಂದ ಇನ್ನೂ ಮೂವರು ಹುಡುಗಿಯರು ಸೇಡಂಗೆ ಹೋಗುತ್ತಾರೆ, ನಿನಗೆ ಜೊತೆಯಾಯಿತು, ಇನ್ನು ಅಕ್ಕ ಬರುವುದು ಬೇಡ, ಪಾಪ ಆಕೆಗೆ ಮೊಣಕಾಲು ನೋವು, ಸುಮ್ಮನೆ ಯಾಕೆ ದಿನವೆಲ್ಲ ನೆಲದ ಮೇಲೆ ಕೂರಬೇಕು ಎಂದರು. ವರ್ಷವೆಲ್ಲ ನಾನು ಅತ್ತು ಕೇಳಿದ್ದು ತಾನಾಗಿ ಸಿಕ್ಕಿತ್ತು! ಕುಣಿಯಬೇಕು ಎಂದು ಎದ್ದವಳು ಅಡುಗೆಮನೆಯ ಕಡೆ ನೋಡಿದೆ. ಅತ್ಯಾ ಅಕ್ಕಿ ಆರಿಸುತ್ತಿದ್ದಳು. ಮೊರದ ಮೇಲೆ ಬೆರಳುಗಳು ನಿಂತಿದ್ದವು. ರಾಷ್ಟ್ರಕೂಟರನ್ನೇ ಬಿಡದವಳು ತಮ್ಮನಿಗೆ ಒಂದು ಎದುರು ಮಾತು ಹೇಳಲಿಲ್ಲ. ತಲೆ ಬಗ್ಗಿಸಿ, ಆಗಲೇ ಆರಿಸಿಟ್ಟ ಅಕ್ಕಿಯನ್ನೇ ಮತ್ತೆ ಆರಿಸತೊಡಗಿದಳು. ಕಾಲೇಜು ನನ್ನದು, ಕಾವಲು ಆಕೆಯದು ಎಂದುಕೊಂಡೇ ಒಂದು ವರ್ಷ ಕಳೆದಿದ್ದೆನಲ್ಲ, ಎಂಥ ದಡ್ಡಿ ನಾನು.

"ಅಪ್ಪಾ, ಟ್ರೇನಿನ್ಯಾಗ ಹುಡುಗರು ಭಾಳ ಕಾಡ್ತಾರ," ಎಂದೆ. "ಅತ್ಯಾ ಇಲ್ಲಂದ್ರ ನಾ ಹೋಗೂದಿಲ್ಲ."

ಶುದ್ಧ ಸುಳ್ಳು. ಆ ರೈಲಿನಲ್ಲಿ ಒಬ್ಬ ಹುಡುಗನೂ ನನ್ನ ಕಡೆ ಕಣ್ಣೆತ್ತಿ ನೋಡಿದ್ದಿಲ್ಲ. ಅದು ಅತ್ಯಾನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ದಿನವೂ ಪಕ್ಕದಲ್ಲೇ ಕೂತವಳು ಆಕೆ. ಅಪ್ಪ ಗಾಬರಿಯಾಗಿ ಕಪ್ಪು ಕೆಳಗಿಟ್ಟು, ಹಾಗಾದರೆ ಅಕ್ಕ ಹೋಗಲೇಬೇಕು ಎಂದು ಹೇಳಿ ಶಾಲೆಗೆ ಹೊರಟುಹೋದರು.

ಅತ್ಯಾ ಮೊರವನ್ನು ಬದಿಗಿಟ್ಟಳು. ಸುಳ್ಳು ಹೇಳಿದ್ದಕ್ಕೆ ಬೈಯುತ್ತಾಳೆ ಎಂದು ಕಾದೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, ಪಕ್ಕದಲ್ಲಿ ನನಗೂ ಜಾಗ ಮಾಡಿ, ಸಣ್ಣ ದನಿಯಲ್ಲಿ ಕೇಳಿದಳು:

"ಎರಡನೇ ವರ್ಷಕ್ಕ ಏನೇನು ಪಾಠ ಅವ?"