ರಜೆಗೆ ಬಂದ ಅತ್ತೆ, ದೇಶ ಕಾಯುವ ಅಳಿಯ

ನನ್ನ ಅಳಿಯನಷ್ಟು ಆಸ್ಟ್ರೇಲಿಯಾವನ್ನು ಪ್ರೀತಿಸುವವರು ಇಲ್ಲಿ ಹುಟ್ಟಿದವರಲ್ಲೂ ಸಿಗಲಿಕ್ಕಿಲ್ಲ. ಹುಟ್ಟಿದವರಿಗೆ ಬೇರೆ ಕೆಲಸಗಳಿರುತ್ತವೆ, ನೋಡಿ. ಇವನು ಹುಬ್ಬಳ್ಳಿಯವನು. ಸಿಡ್ನಿಯ ಎಪ್ಪಿಂಗ್‌ನಲ್ಲಿದ್ದಾಗ ಇಲ್ಲೇ ಕಾಯಂ ಇರುವ ಪರವಾನಗಿ, ಪಿಆರ್, ಕೈಗೆ ಬಂದ ವಾರವೇ, ಇನ್ನು ಮೇಲೆ ಯಾರನ್ನೂ ಒಳಗೆ ಬಿಡಬಾರದೆಂದು ಪತ್ರಿಕೆ ಶುರುಮಾಡಿದ.

ಪುಕ್ಕಟೆ ಪತ್ರಿಕೆ, ನಮ್ಮವರ ದಿನಸಿ ಅಂಗಡಿಗಳ ಬಾಗಿಲಲ್ಲಿ ಇಡುವಂಥದ್ದು. ಮೊದಲ ಪುಟದಲ್ಲಿ ‘ಬರಬೇಡಿ’ ಎಂಬ ಸಂಪಾದಕೀಯ, ಕೊನೆಯ ಪುಟದಲ್ಲಿ ವೀಸಾ ಏಜೆಂಟರ ಜಾಹೀರಾತು!

ಅದನ್ನು ಮೆಚ್ಚಿ ಒಂದು ಬಲಪಂಥೀಯ ಪಕ್ಷದವರು ಕರೆದರು. ಮೆಲ್ಬರ್ನ್‌ಗೆ ಬಂದು, ವಿಂಡಮ್ ವೇಲ್‌ನಲ್ಲಿ ಮನೆ ಮಾಡಿ, ಪೌರತ್ವ ಸಿಕ್ಕ ಮೇಲೆ ಚುನಾವಣೆಗೆ ನಿಂತ. ಮತಗಟ್ಟೆಯ ಹೊರಗೆ ಚೀಟಿ ಹಂಚುವಾಗ ಒಬ್ಬ ‘ನಿನ್ನ ದೇಶಕ್ಕೆ ಹೋಗು’ ಎಂದು ಉಗಿದನಂತೆ. ಇವನು ಖುಷಿಯಿಂದ ಮನೆಗೆ ಬಂದು, “ಅಂವಾ ನಮಗ ವೋಟ್ ಹಾಕಾಂವ ಇರಬೇಕು” ಎಂದ. ಸೋತ. ಮುಂದಿನ ಸಲ ಗೆಲ್ಲುವ ಕಡೆ ಟಿಕೆಟ್ ಎಂದು ಪಕ್ಷ ಮಾತು ಕೊಟ್ಟಿತು.

ನಾನು ಬೆರಳಿಟ್ಟು ಓದುವವಳು. ಒಂದು ದಿನ ಅವನ ಬರಹದಲ್ಲಿ ಓದಿದೆ: ಮುದುಕ ತಂದೆತಾಯಿಗಳನ್ನು ಕರೆತಂದು ಆಸ್ಪತ್ರೆ ತುಂಬಿಸುವುದು ನಿಲ್ಲಬೇಕು.

“ಇದರಾಗ ನಾನೂ ಬಂದೆ ಏನ್ರಿ?”

“ನೀವಲ್ರಿ ಅತ್ತಿ. ಬ್ಯಾರೆಯವರು.”

“ಪಕ್ಷದವರಿಗೆ ನನ್ನ ಬಗ್ಗೆ ಏನ್ ಹೇಳೀರಿ?”

“ರಜಾಕ್ಕ ಬಂದಾರ ಅಂತ.”

ಆರು ವರ್ಷದ ರಜೆ! ನಾನು ಇಲ್ಲೇ ಕಾಯಂ ಇರುವ ವೀಸಾಕ್ಕೆ ಮಗಳು ಎಂದೋ ಅರ್ಜಿ ಹಾಕಿದ್ದಳು; ಆಗ ನನ್ನ ಜೊತೆ ಹಾಕಿದ್ದ ಇಬ್ಬರು ಸರದಿ ಬರುವ ಮೊದಲೇ ಸತ್ತಿದ್ದರು.

ಕೊನೆಗೆ ವೀಸಾದ ವೈದ್ಯಕೀಯ ತಪಾಸಣೆಗೆ ಕರೆ ಬಂತು. ಮಗಳಿಗೆ ಕೆಲಸದಿಂದ ಬಿಡುವು ಸಿಗದೆ ಅಳಿಯನೇ ಕರೆದೊಯ್ದ. ಅಲ್ಲಿ ಕೂತವರೆಲ್ಲ ನನ್ನಂಥ ಮುದುಕರೇ. ಉಡುಪಿ ಕಡೆಯ ಒಬ್ಬರು ಇವನ ಗುರುತು ಹಿಡಿದು, ಮೊಬೈಲ್ ಎತ್ತಿ ನಮ್ಮಿಬ್ಬರ ಫೋಟೊ ತೆಗೆದರು.

“ನಮ್ಮನ್ನೆಲ್ಲ ಓಡಿಸ್ಬೇಕು ಅಂತ ಬರೆಯುವುದು ನೀವೇ ಅಲ್ವಾ ಮಾರಾಯ್ರೆ? ಈ ಅಮ್ಮ ಯಾರು?”

ಆ ಫೋಟೊ ಸಂಜೆಯೊಳಗೆ ಪಕ್ಷಕ್ಕೆ ಮುಟ್ಟುತ್ತದೆಂದು ಅಳಿಯನಿಗೆ ಗೊತ್ತಿತ್ತು. ಯಾರೋ ಗೊತ್ತಿಲ್ಲ ಎಂದು ಎದ್ದು ಹೋಗುತ್ತಾನೆಂದೇ ನಾನು ತಿಳಿದೆ. ನಾನಾದರೆ ಹೋಗುತ್ತಿದ್ದೆ.

“ನಮ್ಮ ಅತ್ತಿ,” ಎಂದ. “ನಮ್ಮ ಜೋಡಿನ ಇರ್ತಾರ. ಇನ್ನೂ ಇರ್ತಾರ.”

ಆ ವಾರವೇ ಟಿಕೆಟ್ ಬೇರೊಬ್ಬರಿಗೆ ಹೋಯಿತು. ಪತ್ರಿಕೆ ಈಗಲೂ ಬರುತ್ತದೆ; ಬುದ್ಧಿ ಬಂತೆಂದು ತಿಳಿಯಬೇಡಿ. ಆದರೆ ಅವತ್ತು, ನನ್ನ ತೋಳಿನಲ್ಲಿ ರಕ್ತ ತೆಗೆದ ಜಾಗದ ಹತ್ತಿಯನ್ನು ಕಾರಿನ ತನಕ ಅವನೇ ಒತ್ತಿ ಹಿಡಿದಿದ್ದ. ಜೋರಾಗಿಯೇ ಒತ್ತಿದ್ದ. ನೋಯುತ್ತದೆ ಎಂದು ನಾನು ಹೇಳಲಿಲ್ಲ.