ಹನ್ನೊಂದು ಕೂದಲಿನ ಹರಕೆ

ಬಾಳೆಗೊನೆಯನ್ನು ಹತ್ತು ಮಾರು ದೂರದಿಂದ ನೋಡಿ, 'ಇದು ಹದಿನಾಲ್ಕು ಕೆಜಿ, ದಿಂಡು ಕಳೆದರೆ ಹನ್ನೆರಡೂವರೆ' ಎಂದು ಹೇಳಿಬಿಡುವ ಮನುಷ್ಯ ಗುಂಡ್ಲುಪೇಟೆಯ ಪುಟ್ಟಮಲ್ಲಪ್ಪ. ತಕ್ಕಡಿಗೆ ಹಾಕಿದರೆ ತಪ್ಪುವುದು ತಕ್ಕಡಿಯೇ. ಅಂಥವನಿಗೆ ಇಪ್ಪತ್ತೇಳು ವರ್ಷ ಒಂದೇ ಸೂರಿನಡಿ ಇದ್ದೂ ಹೆಂಡತಿ ದೊಡ್ಡಮಲ್ಲಮ್ಮನ ತೂಕ ಮಾತ್ರ ಸಿಕ್ಕಿರಲಿಲ್ಲ. (ಕೆಜಿಯ ಮಾತಲ್ಲ. ಅದನ್ನು ಕೇಳುವ ಧೈರ್ಯ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಯಾರಿಗೂ ಇಲ್ಲ.)

ಮೇಲುನೋಟಕ್ಕೆ ಸರಕು ಸಾಧಾರಣ. ಐದಡಿಗೆ ಎರಡಂಗುಲ ಕಮ್ಮಿ, ಮಾತು ಅದಕ್ಕಿಂತ ಕಮ್ಮಿ, ಓದು ಏಳನೇ ಕ್ಲಾಸು. ಸೊಪ್ಪಿನವಳು ಬೆಲೆ ಕೂಗಿದರೆ ಇವಳು ಚೌಕಾಸಿ ಮಾಡುವುದಿಲ್ಲ. ಕಟ್ಟನ್ನು ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತಾ ನಿಲ್ಲುತ್ತಾಳೆ. ಐದು ಎಣಿಸುವುದರೊಳಗೆ ಸೊಪ್ಪಿನವಳೇ ಬೇಜಾರಾಗಿ ಇನ್ನೊಂದು ಕಟ್ಟು ಹಾಕುತ್ತಾಳೆ. ಇಂಥ ಸರಕಿಗೆ ಮೇಲಿನ ಸಿಪ್ಪೆ ನೋಡಿ ಬೆಲೆ ಕಟ್ಟಿದವನು ಕೆಟ್ಟ. ಎಷ್ಟು ಕೆಟ್ಟ ಎಂಬುದಕ್ಕೆ ಪುಟ್ಟಮಲ್ಲಪ್ಪನ ತಲೆಯೇ ಸಾಕ್ಷಿ.

ತಲೆಯ ವಿಚಾರಕ್ಕೆ ಬರೋಣ. ಕೂದಲು ಹಿಂದೆ ಸರಿದರೆ ಬೇರೆಯವರಿಗೆ ಕನ್ನಡಿ ಹೇಳುತ್ತದೆ; ಪುಟ್ಟಮಲ್ಲಪ್ಪನಿಗೆ ಹೇಳಿದ್ದು ವಿಭೂತಿ. ಮದುವೆಯ ದಿನ ಮೂರು ಬೆರಳು ವಿಭೂತಿ ಎಳೆದಾಗ ಮೇಲಿನ ಗೆರೆ ಕೂದಲೊಳಗೆ ನುಗ್ಗಿ, ಅವನ ಅವ್ವ ಸೆರಗಿನಿಂದ ಒರೆಸಿದ್ದಳು. ಮಗಳು ಹುಟ್ಟುವ ಹೊತ್ತಿಗೆ ಮೂರು ಗೆರೆಗೂ ಅಳತೆಗೆ ಸರಿಯಾಗಿ ಜಾಗವಾಯಿತು. ಈಗ ಐವತ್ತೊಂದನೆಯ ವಯಸ್ಸಿನಲ್ಲಿ ಮೂರು ಗೆರೆ ಧಾರಾಳವಾಗಿ ಎಳೆದ ಮೇಲೂ ಮೇಲ್ಗಡೆ ಎರಡು ಸೈಟು ಖಾಲಿ. "ನನ್ ಹಣೆಬರ ಉದ್ದ ಇತ್ತು, ಬ್ರಹ್ಮ ಕಾಗ್ದ ಜಾಸ್ತಿ ತಕಂಡ ಕಣ್ಲಾ" ಎಂದು ಮಂಡಿಯಲ್ಲಿ ಅವನೇ ನಗುತ್ತಿದ್ದ. ಮಗಳು ನಾಗಲಕ್ಷ್ಮಿಯನ್ನು ನೋಡಲು ಚಾಮರಾಜನಗರದಿಂದ ಗಂಡಿನವರು ಬರುವವರೆಗೂ ನಗುತ್ತಿದ್ದ.

ಗಂಡಿನ ಅಪ್ಪ ಸೋಮಶೇಖರ್ ಬೇರೆ ಯಾರೂ ಅಲ್ಲ, ತೆರಕಣಾಂಬಿ ಹೈಸ್ಕೂಲಿನಲ್ಲಿ ಪುಟ್ಟಮಲ್ಲಪ್ಪನ ಬೆಂಚಿನಲ್ಲೇ ಕೂತು ಅವನ ಲೆಕ್ಕ ನೋಡಿ ಬರೆದು ಪಾಸಾದವನು. ಅವನ ತಲೆಯಲ್ಲಿ ಈಗಲೂ ಕಾಗೆಯ ರೆಕ್ಕೆಯಂಥ ಕೂದಲು, ಒಂದು ಎಳೆಯೂ ಜಾಗ ಬಿಟ್ಟಿರಲಿಲ್ಲ. ಇಬ್ಬರೂ ಪಕ್ಕಪಕ್ಕ ಕೂತು ಉಪ್ಪಿಟ್ಟು ತಿನ್ನುತ್ತಿದ್ದಾಗ, ಹರವೆಯಿಂದ ಬಂದಿದ್ದ ಗಂಡಿನ ಸೋದರತ್ತೆ ಪುಟ್ಟಮಲ್ಲಪ್ಪನನ್ನು ಪ್ರೀತಿಯಿಂದ ನೋಡಿ ಕೇಳಿದಳು:

"ಹುಡ್ಗಿ ತಾತನೋರು ಇನ್ನೂ ಗಟ್ಟಿಮುಟ್ಟಾಗವ್ರೆ. ಅಪ್ಪ ಎಲ್ಲಿ, ಕಾಣ್ನಿಲ್ವಲ್ಲ? ಮಂಡಿಗೋದ್ರಾ?"

ಪುಟ್ಟಮಲ್ಲಪ್ಪನ ಚಮಚ ಬಾಯಿಯ ಹೊಸ್ತಿಲಲ್ಲೇ ನಿಂತಿತು. ದೊಡ್ಡಮಲ್ಲಮ್ಮ ಕಾಫಿ ಲೋಟ ಇಡುತ್ತಾ ಶಾಂತವಾಗಿ ಹೇಳಿದಳು: "ಅವ್ರೇ ಅಪ್ಪ ಕನಕ್ಕ. ತಾತ ಗೋಡೆ ಮೇಲವ್ರೆ, ಹಾರ ಹಾಕ್ಕಂಡು."

ಸಂಬಂಧ ಕುದುರಿತು. ಎರಡೂವರೆ ತಿಂಗಳಿಗೆ ಚಾಮರಾಜನಗರದ ಕಲ್ಯಾಣ ಮಂಟಪದಲ್ಲಿ ನಿಶ್ಚಿತಾರ್ಥ. ಐನೂರು ಜನರ ಮುಂದೆ ಇಬ್ಬರು ಬೀಗರು ಪಕ್ಕಪಕ್ಕ ನಿಂತು ತಾಂಬೂಲದ ತಟ್ಟೆ ಬದಲಾಯಿಸಿಕೊಳ್ಳಬೇಕು. ಅದರ ಫೋಟೋ ಎರಡೂ ಮನೆಯ ಗೋಡೆಯಲ್ಲಿ ಮೊಮ್ಮಕ್ಕಳ ಕಾಲದವರೆಗೆ ತೂಗಬೇಕು. ಗಂಡಿನವರ ಕಾರು ಬೀದಿ ತಿರುಗುವುದೇ ತಡ, ಪುಟ್ಟಮಲ್ಲಪ್ಪ ಶಪಥ ಮಾಡಿದ.

"ಅವತ್ತಿಗೂ ನನ್ ತಲ ಇಂಗೇ ಇದ್ರ ನಾನು ತಟ್ಟೆ ಇಡಿಯಲ್ಲ. ನಿಮ್ಮಣ್ಣನ್ ನಿಲ್ಸು."

"ಮಗಳಿಗೆ ಅಪ್ಪ ನೀವಾ, ನಿಮ್ ಕೂದ್ಲಾ?" ಎಂದಳು ದೊಡ್ಡಮಲ್ಲಮ್ಮ. ಒಳಗೆ ಸೀರೆ ಮಡಿಸುತ್ತಿದ್ದ ನಾಗಲಕ್ಷ್ಮಿಯ ಮುಖ ಸಣ್ಣಗಾಯಿತು. ಅಪ್ಪ ನಿಲ್ಲದ ನಿಶ್ಚಿತಾರ್ಥ ಅವಳಿಗೂ ಬೇಕಿರಲಿಲ್ಲ, ಗಂಡಿನವರು ಏನೆಂದುಕೊಂಡಾರು? ದೊಡ್ಡಮಲ್ಲಮ್ಮ ಮಗಳ ಮುಖವನ್ನು ಸೊಪ್ಪಿನ ಕಟ್ಟು ನೋಡುವ ಹಾಗೆ ನೋಡಿದಳು.

ಮಾರನೆಯ ದಿನದಿಂದ ಮಹಾ ತೈಲಯಜ್ಞ ಶುರುವಾಯಿತು. ಅದರ ಪುರೋಹಿತನೆಂದರೆ ಮಂಡಿಯ ಪಕ್ಕದಲ್ಲೇ ಗಾಣ ಇಟ್ಟಿದ್ದ ಮಕ್ಸೂದ್. ವ್ಯಾಪಾರದಲ್ಲಿ ಪುಟ್ಟಮಲ್ಲಪ್ಪನ ಅಣ್ಣನಂಥವನು.

"ಹರಳೆಣ್ಣೆ ತಗೊಳ್ಳಿ ಯಜಮಾನ್ರೆ, ಕಣ್ಮುಂದೆ ತೆಗ್ದಿರೋದು. ಒಂದ್ ಮಾತು ಮೊದ್ಲೇ ಹೇಳ್ಬಿಡ್ತೀನಿ. ಎಣ್ಣೆ ನಂದು, ತಲೆ ನಿಮ್ದು. ಗ್ಯಾರಂಟಿ ಎಣ್ಣೆಗೆ ಮಾತ್ರ."

ಹರಳೆಣ್ಣೆ ಎಷ್ಟು ನಿಷ್ಠಾವಂತ ಪದಾರ್ಥವೆಂದರೆ, ಬೆಳಿಗ್ಗೆ ಪುಟ್ಟಮಲ್ಲಪ್ಪ ಎದ್ದಾಗ ದಿಂಬೂ ಅವನ ಜೊತೆಗೇ ಎದ್ದಿತು. ಇಬ್ಬರನ್ನೂ ಬೇರ್ಪಡಿಸುವಾಗ ದಿಂಬಿನ ಹೊಲಿಗೆ ಬಿಟ್ಟಿತು. ಪೂಜೆ ಮುಗಿಸಿ ವಿಭೂತಿ ಇಟ್ಟರೆ ಅದು ಹಣೆಯ ಮೇಲೆ ನಿಲ್ಲಲೊಲ್ಲದು; ಎಣ್ಣೆಯ ಜೊತೆ ಕರಗಿ ಜಾರಿ ಹುಬ್ಬಿನಲ್ಲಿ ತಂಗಿತು. ಬಿಳಿ ಹುಬ್ಬು ಹೊತ್ತು ಮಂಡಿಗೆ ಹೋದವನನ್ನು, ನೇಂದ್ರ ಬಾಳೆ ತುಂಬಲು ಬಂದಿದ್ದ ಕೇರಳದ ಲಾರಿ ಡ್ರೈವರು "ಎಂದಾ ಮುತ್ತಚ್ಛಾ" ಎಂದು ಮಾತಾಡಿಸಿದ. ಮುತ್ತಚ್ಛನೆಂದರೆ ತಾತ. ಹಿಂದಿನ ವಾರ ಒಂದು ಭಾಷೆಯಲ್ಲಿ ತಾತನಾಗಿದ್ದವನು ಈ ವಾರ ಎರಡು ಭಾಷೆಯಲ್ಲಾದ.

ದೊಡ್ಡಮಲ್ಲಮ್ಮ ನಂಬಿದಳೋ ಇಲ್ಲವೋ, ಕೈಕಟ್ಟಿ ಮಾತ್ರ ಕೂರಲಿಲ್ಲ. ಗರುಗದ ಸೊಪ್ಪು, ದಾಸವಾಳ, ಕರಿಬೇವು, ಮೆಂತ್ಯ ಎಲ್ಲ ರುಬ್ಬಿ ಕೊಬ್ಬರಿ ಎಣ್ಣೆಗೆ ಹಾಕಿ, ಕಬ್ಬಿಣದ ಬಾಣಲೆಯಲ್ಲಿ ಸದ್ದಡಗುವವರೆಗೆ ಕಾಯಿಸಿದಳು. ಮೂರು ವಾರ ತಾನೇ ಕೂತು ಬೆರಳ ತುದಿಯಲ್ಲಿ ತಿಕ್ಕಿದಳು. ಆ ಮೂರು ವಾರದಲ್ಲಿ ಪುಟ್ಟಮಲ್ಲಪ್ಪನ ತಲೆ ಮಿಂಚಿದ್ದು ದಿಟ. ಚಿಗುರಲಿಲ್ಲ.

ನಾಗಲಕ್ಷ್ಮಿ ಫೋನು ನೋಡಿ, ಈರುಳ್ಳಿ ರಸ ಬೆರೆಸಬೇಕಂತೆ ಎಂದಳು. ಅವಸರದ ಪುಟ್ಟಮಲ್ಲಪ್ಪ ರಸದ ಗೊಡವೆಗೇ ಹೋಗದೆ, ಈರುಳ್ಳಿಯನ್ನು ಎರಡು ಹೋಳು ಮಾಡಿ, ಎಣ್ಣೆಯಲ್ಲಿ ಅದ್ದಿ, ನೆತ್ತಿಗೆ ಗುಂಡಗೆ ಉಜ್ಜತೊಡಗಿದ. ಒಲೆಯ ಮುಂದಿದ್ದ ದೊಡ್ಡಮಲ್ಲಮ್ಮನ ಕೈಯಲ್ಲೂ ಅಂಥದೇ ಅರ್ಧ ಈರುಳ್ಳಿ. ಅವಳು ಉಜ್ಜುತ್ತಿದ್ದುದು ದೋಸೆ ಕಾವಲಿಗೆ. ಅವಳು ಕಾವಲಿ ನೋಡಿದಳು, ಗಂಡನ ತಲೆ ನೋಡಿದಳು.

"ಎರಡೂ ಹದಕ್ ಬಂದವ ಕನಿ. ಮೊದ್ಲು ಯಾವುದ್ರ ಮ್ಯಾಲೆ ಉಯ್ಯನ ಹಿಟ್ಟ?"

ಪುಟ್ಟಮಲ್ಲಪ್ಪ ಈರುಳ್ಳಿಯನ್ನು ಕಿಟಕಿಯಿಂದಾಚೆ ಎಸೆದ. "ನಗು, ನಗು. ಎಣ್ಣೆ ಕೈಲಾಗ್ನಿಲ್ಲ. ಮಾದಪ್ಪನ ಕೈಲಾದ್ರೂ ಆದದೇನೋ. ಒಂದು ಹರಕೆ ಕಟ್ಕಳಮ್ಮಿ ಅತ್ಲಾಗೆ!"

ದೊಡ್ಡಮಲ್ಲಮ್ಮ ಕೈ ತೊಳೆದಳು. ಅರಿಶಿನದ ಬಟ್ಟೆಯಲ್ಲಿ ಕಾಣಿಕೆ ಕಟ್ಟಿ, ದೇವರ ಗೂಡಿನಲ್ಲಿ ಮಾದಪ್ಪನ ಪಟದ ಮುಂದಿಟ್ಟು, ಕಣ್ಣು ಮುಚ್ಚಿ ಏನೋ ಹೇಳಿಕೊಂಡಳು. ಏನು ಎಂದು ಪುಟ್ಟಮಲ್ಲಪ್ಪ ಕೇಳಲಿಲ್ಲ. ಮೂವತ್ತು ವರ್ಷದ ವ್ಯಾಪಾರದಲ್ಲಿ ಕರಾರು ಕೇಳದೆ ಕೈ ಕುಲುಕಿದ್ದು ಅದೊಂದೇ ಸಲ.

ಹದಿನೈದು ದಿನಕ್ಕೆ ಪವಾಡ ನಡೆಯಿತು. ಹರಳೆಣ್ಣೆಯನ್ನು ಬಿಡದೆ ಹಚ್ಚುತ್ತಿದ್ದ ಪುಟ್ಟಮಲ್ಲಪ್ಪ ಒಂದು ಬೆಳಿಗ್ಗೆ ಕನ್ನಡಿಯ ಮುಂದೆ ಹೋ ಎಂದು ಕೂಗಿದ. ಖಾಲಿ ಸೈಟಿನ ನಟ್ಟನಡುವೆ, ಹಸುಗೂಸಿನ ಕೂದಲಿನಷ್ಟು ನವಿರಾದ ಎಳೆಗಳು! ಎಣಿಸಿದ. ಹನ್ನೊಂದು. ಬಣ್ಣ ಬಿಳಿ, ಆದರೇನು? ಬಾಳೆಯ ಸುಳಿಯೂ ಮೊದಲು ಬಿಳುಚಿಕೊಂಡೇ ಬರುತ್ತದೆ. ಸಸಿ ಕಿತ್ತು ಬಂದೀತೆಂದು ಅಂದಿನಿಂದ ತಲೆಗೆ ನೀರು ಹಾಕುವುದನ್ನೇ ನಿಲ್ಲಿಸಿದ. ನಾಗಲಕ್ಷ್ಮಿ ಹತ್ತಿರ ಬಂದು ನೋಡಿ, ಬಾಯಿಗೆ ವೇಲು ಒತ್ತಿಕೊಂಡು ಹಿತ್ತಲಿಗೆ ಓಡಿದಳು. ಆನಂದಬಾಷ್ಪವಿರಬೇಕು ಎಂದುಕೊಂಡ. ಮಕ್ಸೂದ್ ಕನ್ನಡಕ ಏರಿಸಿ ನೋಡಿ, "ನಮ್ ಎಣ್ಣೆ ಅಂದ್ರೆ ಸುಮ್ನೆನಾ!" ಎಂದ. (ಗ್ಯಾರಂಟಿ ಅಂದಿನಿಂದ ತಲೆಗೂ ವಿಸ್ತರಣೆಯಾಯಿತು.)

ದೊಡ್ಡಮಲ್ಲಮ್ಮ ಮಾತ್ರ ಕ್ಯಾಲೆಂಡರ್ ನೋಡುತ್ತಿದ್ದಳು.

"ನಿಶ್ಚಿತಾರ್ಥ ಬುಧವಾರ. ಅದ್ರ ಇಂದ್ಲ ಸೋಮವಾರ ಬೆಟ್ಟಕ್ ಓಗ್ಬಂದ್ಬುಡನ. ಹರಕೆ ತೀರುಸ್ಬೇಕಲ್ಲ."

"ತೀರುಸ್ಬುಡನ! ಏನಂತ ಕಟ್ಕಂಡಿದ್ದೆ?"

"ಕೂದ್ಲು ಬಂದ್ರ ಮುಡಿ ಕೊಡುಸ್ತೀನಿ ಅಂತ."

ಪುಟ್ಟಮಲ್ಲಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕುರ್ಚಿ ಬೇಕಾಯಿತು.

"ಯಾರ್ ಮುಡಿ?"

"ಬಂದಿರದು ಯಾರ್ಗ?"

"ಅಲ್ಲ ಕಣಮ್ಮಿ, ಬರ್ಲಿ ಅಂತ ಕಟ್ಟದ ಹರಕೆಗೆ ಬಂದುದ್ನೇ ಬೋಳ್ಸಾದಾ? ಆ ಹನ್ನೊಂದ್ ಕೊಟ್ಬುಡ್ತೀನಿ, ಮಿಕ್ಕುದ್ದು ಬುಡು."

"ದೇವ್ರತ್ರ ಚಿಲ್ಲರೆ ಯಾಪಾರವಾ?"

"ನಿಶ್ಚಿತಾರ್ಥ ಆಗ್ಲಿ, ಆಮ್ಯಾಕ್ ಕೊಡನ."

"ಮಾದಪ್ಪನ ಹರಕೆ ಮುಂದಕ್ಕಾಕ್ಬುಟ್ಟು ಮಗಳ್ ಶುಭಕಾರ್ಯ ಮಾಡಿಯಾ? ಧೈರ್ಯ ಇದ್ರ ಮಾಡಿ."

ಧೈರ್ಯ ಇರಲಿಲ್ಲ. ಸೋಮವಾರ ಮಲೆಮಹದೇಶ್ವರನ ಬೆಟ್ಟದಲ್ಲಿ, ಹನ್ನೊಂದು ಹೊಸ ಕುಡಿಗಳ ಸಮೇತ ಪುಟ್ಟಮಲ್ಲಪ್ಪನ ಕೇಶರಾಶಿ ಸ್ವಾಮಿಗೆ ಅರ್ಪಿತವಾಯಿತು. ನುಣ್ಣನೆಯ ತಲೆಗೆ ಗಂಧ ಬಳಿದುಕೊಂಡು ಬಸ್ಸಿನ ಕಿಟಕಿಯ ಪಕ್ಕ ಕೂತವನು ಗುಂಡ್ಲುಪೇಟೆ ಬರುವವರೆಗೆ ಹೆಂಡತಿಯ ಜೊತೆ ಮಾತು ಬಿಟ್ಟ. ಅವಳು ಪ್ರಸಾದದ ಲಾಡು ಮುರಿದು ಅವನ ಕೈಗಿಟ್ಟಳು. ಸಿಟ್ಟಿನಿಂದಲೇ ತಿಂದ.

ಬುಧವಾರ ಬಂತು. ಬಿಳಿ ಪಂಚೆ, ಬಿಳಿ ಶರಟು. ಬೋಳು ತಲೆಯ ಕೆಳಗೆ ಹಣೆ ತುಂಬ ಮೂರು ಗೆರೆ ವಿಭೂತಿ. ಪುಟ್ಟಮಲ್ಲಪ್ಪ ತಲೆ ತಗ್ಗಿಸಿಯೇ ಮಂಟಪದ ಮೆಟ್ಟಿಲು ಹತ್ತಿದ. ಎದುರಿಗೆ ಸಿಕ್ಕಿದ್ದು ಅದೇ ಹರವೆಯ ಸೋದರತ್ತೆ. ತಾತನಿಂದ ಮುತ್ತಾತನಿಗೆ ಬಡ್ತಿ ಎಂದು ಅವನು ಕಣ್ಣು ಮುಚ್ಚಿದ. ಆಕೆ ಎರಡೂ ಕೈ ಮುಗಿದಳು.

"ಅಪ್ಪ ಅಂದ್ರ ಇಂಗಿರ್ಬೇಕು ಕನಿ! ಮಗಳು ಚೆಂದಾಗಿರ್ಲಿ ಅಂತ ತಲೇಲಿದ್ದುದ್ದ ಅಷ್ಟೂ ಮಾದಪ್ಪನ್ಗೆ ಕೊಟ್ಬುಟ್ರಂತಲ್ಲ!"

ಪುಟ್ಟಮಲ್ಲಪ್ಪ ಕಣ್ಣು ತೆರೆದ. ದೂರದಲ್ಲಿ ದೊಡ್ಡಮಲ್ಲಮ್ಮ ಹೆಂಗಸರ ನಡುವೆ ಅರಿಶಿನ ಕುಂಕುಮ ಹಂಚುತ್ತಿದ್ದಳು. ಮಗಳಿಗಾಗಿ ಮುಡಿ ಕೊಟ್ಟರು ಎಂಬ ಮಾತೂ ಅದರ ಜೊತೆಗೇ ಹಂಚಿಕೆಯಾಗಿತ್ತು. ಎಷ್ಟು ಕೂದಲಿತ್ತು ಎಂದು ಅವಳು ಎಲ್ಲೂ ಹೇಳಿರಲಿಲ್ಲ. ಕೇಳಿದವರು ಅವರವರ ಧಾರಾಳಕ್ಕೆ ತಕ್ಕಂತೆ ಊಹಿಸಿಕೊಂಡಿದ್ದರು. ಬೋಳಿಸಿದ ತಲೆಗೆ ಗಡಿ ಎಲ್ಲಿಯದು? ಹಣೆ ಎಲ್ಲಿ ಮುಗಿದು ನೆತ್ತಿ ಎಲ್ಲಿ ಶುರು ಎಂದು ಸರ್ವೆಯವರು ಸರಪಳಿ ಹಿಡಿದು ಬಂದರೂ ಹೇಳಲಾರರು. ಎಂಟು ದಿನ ಮುಂಚೆ ಕೊಟ್ಟಿದ್ದರೆ ಕೂದಲು ಮೊಳೆತು ಹಳೆಯ ಗಡಿ ಮತ್ತೆ ಕಾಣುತ್ತಿತ್ತು. ಅವಳು ಕ್ಯಾಲೆಂಡರ್ ನೋಡಿದ್ದು ಯಾಕೆಂದು ಆಗ ಹೊಳೆಯಿತು.

ತಟ್ಟೆ ಬದಲಾಯಿಸುವಾಗ ಪುಟ್ಟಮಲ್ಲಪ್ಪ ಎದೆ ಸೆಟೆಸಿ ನಿಂತ. ಫೋಟೋಗ್ರಾಫರು "ತಲೆ ಸ್ವಲ್ಪ ಈ ಕಡೆ" ಎಂದರೆ ಪಕ್ಕದ ಸೋಮಶೇಖರ್ ತಲೆ ತಿರುಗಿಸದೆ ಇಡೀ ಮೈಯನ್ನೇ ತಿರುಗಿಸುತ್ತಿದ್ದ. ಲೈಟಿನ ಸೆಕೆಗೆ ಬೆವರು ಧಾರೆಯಾಗಿತ್ತು. ತುಟಿ ಅಲ್ಲಾಡಿಸದೆ ಪಿಸುಗುಟ್ಟಿದ:

"ನೀನು ಪುಣ್ಯವಂತ ಕಣ್ಲಾ ಪುಟ್ಟ. ಗಾಳಿಯಾದ್ರೂ ಆಡ್ತದೆ."

"ನೀನೂ ಮುಡಿ ಕೊಟ್ಬುಡ್ಲಾ ಮತ್ತೆ."

"ಕೊಡಾಕೆ ನಂದಾಗಿದ್ರಲ್ವಾ! ಮೈಸೂರ್ನಲ್ ಕೊಂಡಿದ್ದು. ಮೂರ್ ವರ್ಷ ಆಯ್ತು. ಯಾರ್ಗೂ ಏಳ್ಬೇಡ."

ಫೋಟೋದಲ್ಲಿ ಪುಟ್ಟಮಲ್ಲಪ್ಪನ ನಗು ಅಷ್ಟು ಅಗಲವಾಗಿ ಬಂದಿರುವುದು ಅದಕ್ಕೇ.

ವಾಪಸು ಬರುವಾಗ ಕಾರಿನಲ್ಲಿ ಅವನು ಉದಾರಿಯಾಗಿದ್ದ. "ಏನಾದ್ರೂ ಅನ್ನು, ಮಕ್ಸೂದನ್ ಎಣ್ಣೆ ಎಣ್ಣೇನೆ. ಹನ್ನೊಂದು ಬಂದಿದ್ದೋ. ಇನ್ನೊಂದ್ ತಿಂಗ್ಳು ಬುಟ್ಟಿದ್ರ..."

"ಎಂತ ಹನ್ನೊಂದು? ಹೊಲಿಗೆ ಬುಟ್ಟಿತ್ತಲ್ಲ, ಆ ದಿಂಬ್ನ ಬೂರ್ಗದ ಹತ್ತಿ ಅದು. ಹರಳೆಣ್ಣೆಗೆ ಮೆತ್ಕಂಡಿತ್ತು."

ಹಿಂದಿನ ಸೀಟಿನಲ್ಲಿ ನಾಗಲಕ್ಷ್ಮಿ ಮತ್ತೆ ವೇಲು ಬಾಯಿಗೊತ್ತಿಕೊಂಡಳು.

"ಗೊತ್ತಿದ್ದೂ ಬೋಳ್ಸ್ಬುಟ್ಯಾ?" ಪುಟ್ಟಮಲ್ಲಪ್ಪ ನುಣ್ಣನೆಯ ತಲೆ ಸವರಿಕೊಂಡ. "ಕೂದ್ಲೇ ಬರ್ದಿದ್ಮ್ಯಾಲೆ ಹರಕೆ ಎಲ್ಲದ?"

"ಇಲ್ಲ. ಅದ್ಕೇ ಅದು ಹರಕೆ ಮುಡಿ ಅಲ್ಲ, ನೀವು ಮಗಳ್ ಹೆಸ್ರಲ್ ಕೊಟ್ಟ ಮುಡಿ. ಜನಕ್ ನಾನೇನ್ ಸುಳ್ಳೇಳ್ನಿಲ್ವಲ್ಲ."

ಪುಟ್ಟಮಲ್ಲಪ್ಪ ತೆರಕಣಾಂಬಿ ದಾಟುವವರೆಗೆ ಆ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದ. ಎಲ್ಲೂ ಹುಳುಕು ಸಿಗಲಿಲ್ಲ.

ಐನೂರು ಜನರ ಮುಂದೆ ಮಗಳ ಅಪ್ಪನಾಗಿ ತಲೆ ಎತ್ತಿ ನಿಂತದ್ದಕ್ಕೆ ಅವನು ದೊಡ್ಡಮಲ್ಲಮ್ಮನಿಗೆ ಋಣಿ. ಜೊತೆಗೆ ಒಂದು ಹೊಸ ದಿಂಬನ್ನೂ ತಂದುಕೊಡಬೇಕು.